ಮುದಿ ನಾಯಿಗೆ ಟ್ರೀಟ್‌ಮೆಂಟಾ, ಮನೆ ಆರೈಕೆನಾ, ಇಂಜೆಕ್ಷನ್ನಾ? ಮೊದ್ಲು ಕಾಯಿಲೆ ಯಾವ್ದು ಅಂತ ಕೇಳಿ

ಮನೇಲಿ ವಯಸ್ಸಾದ ನಾಯಿ ಊಟ ಬಿಟ್ಟು ಮೂಲೆ ಹಿಡೀತು ಅಂದ್ರೆ ಎಲ್ರೂ ಒಂದೊಂದು ಹೇಳೋಕೆ ಶುರು ಮಾಡ್ತಾರೆ. ಅಜ್ಜಿ "ಅದ್ರ ಪಾಡಿಗೆ ಅದು ಹೋಗ್ಲಿ ಬಿಡ್ರೋ, ಸೂಜಿ ಚುಚ್ಚಿಸಿ ಪಾಪ ಕಟ್ಕೋಬೇಡಿ" ಅಂತಾರೆ, ಅಪ್ಪ "ಇನ್ನೊಂದ್ಸಲ ಡ್ರಿಪ್ಸ್ ಹಾಕ್ಸಿ ನೋಡೋಣ" ಅಂತಾರೆ, ಪುಣೆಯಲ್ಲೋ ಡಲ್ಲಾಸಲ್ಲೋ ಇರೋ ಮಗ ವಿಡಿಯೋ ಕಾಲಲ್ಲಿ "ನಾನ್ ಬರೋವರ್ಗೂ ಏನೂ ಮಾಡ್ಬೇಡಿ" ಅಂತಾನೆ, ಡಾಕ್ಟ್ರು "ನೀವೇ ಡಿಸೈಡ್ ಮಾಡಿ" ಅಂದು ಮುಂದಿನವರನ್ನ ಕರೀತಾರೆ. ರಾತ್ರಿಯೆಲ್ಲ ಅದ್ರ ಪಕ್ಕ ಕೂತು ಉಚ್ಚೆ ಬಟ್ಟೆ ಬದಲಾಯ್ಸೋ ಅಮ್ಮನ್ನ ಮಾತ್ರ ಯಾರೂ ಕೇಳಲ್ಲ.

ಇರೋ ದಾರಿ ನಾಲ್ಕು. ಪೂರ್ತಿ ಟ್ರೀಟ್‌ಮೆಂಟ್ ಮಾಡ್ಸೋದು, ವಾಸಿ ಮಾಡೋ ಆಸೆ ಬಿಟ್ಟು ನೋವು ಕಮ್ಮಿ ಮಾಡ್ತಾ ಮನೇಲೇ ನೋಡ್ಕೊಳ್ಳೋದು, ಇಂಜೆಕ್ಷನ್ ಕೊಡ್ಸಿ ಕಳಿಸ್ಕೊಡೋದು (ಅಂದ್ರೆ ದಯಾಮರಣ), ಏನೂ ಮಾಡ್ದೆ ತಾನಾಗೇ ಹೋಗೋಕೆ ಬಿಡೋದು. ಇವುಗಳಲ್ಲಿ ಯಾವ್ದು ಒಳ್ಳೇದು ಅಂತ ಸುಮ್ನೆ ಕೂತು ವಾದ ಮಾಡಿದ್ರೆ ಬೆಳಗಾಗತ್ತೆ ಅಷ್ಟೆ, ಯಾಕಂದ್ರೆ ಉತ್ತರ ಇರೋದು ಕಾಯಿಲೆ ಹೆಸ್ರಲ್ಲಿ. ಕೀಲು ನೋವಿನ ನಾಯಿಗೆ ಸರಿ ಅನ್ಸೋ ದಾರಿ ಹಾರ್ಟ್ ಫೇಲ್ಯೂರ್ ನಾಯಿಗೆ ಕ್ರೌರ್ಯ ಆಗ್ಬೋದು. "ವಯಸ್ಸಾಯ್ತು" ಅನ್ನೋದು ಕಾಯಿಲೆ ಅಲ್ಲ, ಡಾಕ್ಟ್ರು ಅಷ್ಟೇ ಹೇಳಿ ಕಳಿಸಿದ್ರೆ ಬೇರೆ ಡಾಕ್ಟ್ರ ಹತ್ರ ಹೋಗಿ.

ನಿಜವಾಗ್ಲೂ ಕೊನೆ ಬಂದಿದ್ಯಾ?

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ವಾಸಿ ಆಗೋ ಕಾಯಿಲೆಗೆ ನಾಯಿಗಳು ಸುಮ್ನೆ ಹೋಗ್ಬಿಡ್ತವೆ.

ಬೆಳಿಗ್ಗೆ ಎದ್ದು ನೋಡಿದ್ರೆ ನಾಯಿ ತಲೆ ಒಂದು ಕಡೆ ವಾಲಿಸ್ಕೊಂಡಿದೆ, ಕಣ್ಣುಗುಡ್ಡೆ ಆ ಕಡೆ ಈ ಕಡೆ ಓಡ್ತಿದೆ, ನಿಲ್ಲೋಕ್ ಹೋದ್ರೆ ಒಂದೇ ಪಕ್ಕಕ್ಕೆ ಬೀಳತ್ತೆ, ವಾಂತಿ ಬೇರೆ. ಎಲ್ರೂ "ಸ್ಟ್ರೋಕ್ ಹೊಡೀತು, ಮುಗೀತು" ಅಂತಾರೆ. ಎಷ್ಟೋ ಸಲ ಇದು ಮುದಿ ನಾಯಿಗಳಿಗೆ ಬರೋ ವೆಸ್ಟಿಬ್ಯುಲರ್ ಸಿಂಡ್ರೋಮ್, ಕಿವಿ ಒಳಗಿನ ಬ್ಯಾಲೆನ್ಸ್ ವ್ಯವಸ್ಥೆ ಏಕಾಏಕಿ ಕೈ ಕೊಡೋದು. ಮೂರ್ನಾಲ್ಕು ದಿನದಲ್ಲಿ ಸುಧಾರಿಸೋಕೆ ಶುರು ಆಗಿ ಎರಡು ಮೂರು ವಾರದಲ್ಲಿ ಬಹುತೇಕ ನಾಯಿಗಳು ಓಡಾಡ್ತವೆ, ತಲೆ ಸ್ವಲ್ಪ ಸೊಟ್ಟ ಉಳಿದ್ರೂ ಉಳೀಬೋದು. ನೋಡೋಕೆ ಭಯಂಕರವಾಗಿರತ್ತೆ ಅಂತಾನೇ ಮೊದಲನೇ ದಿನಾನೇ ಇಂಜೆಕ್ಷನ್ ಕೇಳೋರು ಇದಾರೆ. ಕಾಯಿರಿ.

ಇನ್ನೊಂದು ಟಿಕ್ ಫೀವರ್. ನಮ್ಮ ಕಡೆ ಉಣ್ಣೆ ಕಾಟ ವರ್ಷ ಪೂರ್ತಿ ಇರತ್ತೆ, ಅದ್ರಿಂದ ಹರಡೋ ಎರ್ಲಿಕಿಯಾ, ಬಬೇಸಿಯಾ ಸೋಂಕು ಬಂದ್ರೆ ವಯಸ್ಸಾದ ನಾಯಿ ಊಟ ಬಿಡತ್ತೆ, ಒಸಡು ಬೆಳ್ಳಗಾಗತ್ತೆ, ಮೂಗಲ್ಲಿ ರಕ್ತಾನೂ ಬರ್ಬೋದು, ಪ್ಲೇಟ್ಲೆಟ್ ಬಿದ್ದೋಗಿರತ್ತೆ. ಒಂದು ಬ್ಲಡ್ ಟೆಸ್ಟ್ ಮಾಡ್ಸಿ, ಎರ್ಲಿಕಿಯಾ ಆಗಿದ್ರೆ ಡಾಕ್ಸಿಸೈಕ್ಲಿನ್ ಕೊಟ್ಟ ಎರಡು ಮೂರು ದಿನಕ್ಕೇ ಬಾಲ ಆಡ್ಸೋ ನಾಯಿಗಳುಂಟು. ಆಪರೇಷನ್ ಮಾಡ್ಸದೇ ಇರೋ ಹೆಣ್ಣು ನಾಯಿ ಹೀಟಿಗೆ ಬಂದು ಒಂದೆರಡು ತಿಂಗಳಾದ್ಮೇಲೆ ತುಂಬಾ ನೀರು ಕುಡೀತಾ ಮಂಕಾಯ್ತು ಅಂದ್ರೆ ಗರ್ಭಕೋಶದಲ್ಲಿ ಕೀವು ತುಂಬಿರ್ಬೋದು, ಅದು ಎಮರ್ಜೆನ್ಸಿ, ಆಪರೇಷನ್ ಮಾಡಿದ್ರೆ ಹತ್ತು ಹನ್ನೊಂದು ವರ್ಷದ್ದೂ ಬದುಕತ್ತೆ. ಮತ್ತೆ ಹಲ್ಲು. ತಟ್ಟೆ ಹತ್ರ ಬಂದು ಮೂಸಿ ವಾಪಸ್ ಹೋಗತ್ತೆ ಅಂದ್ರೆ ಹಸಿವಿದೆ, ಬಾಯಿ ನೋವಿದೆ ಅಂತ್ಲೂ ಇರ್ಬೋದು, ಬಾಯಿ ತೆರೆದು ನೋಡ್ಸಿ.

ಅದಕ್ಕೇ ನಿರ್ಧಾರಕ್ಕೆ ಮುಂಚೆ ಕನಿಷ್ಠ ಸಿಬಿಸಿ (ರಕ್ತಕಣಗಳ ಎಣಿಕೆ), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಲಿವರ್ ಟೆಸ್ಟ್, ಸಾಧ್ಯ ಇದ್ರೆ ಒಂದು ಹೊಟ್ಟೆ ಸ್ಕ್ಯಾನ್. ಬೆಂಗ್ಳೂರಲ್ಲಿ ಹೆಬ್ಬಾಳದ ಪಶು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೀದರ್, ಶಿವಮೊಗ್ಗ, ಹಾಸನದಲ್ಲೂ ಕಾಲೇಜುಗಳಿವೆ. ಆದ್ರೆ ಉಸಿರಾಡೋಕೇ ಕಷ್ಟ ಪಡ್ತಿರೋ ನಾಯಿನ ತುಮಕೂರಿಂದ ಕಾರಲ್ಲಿ ಹಾಕ್ಕೊಂಡು ಹೆಬ್ಬಾಳ ಟ್ರಾಫಿಕ್ಕಲ್ಲಿ ನಿಲ್ಸೋದು ಬೇಡ, ಹತ್ರದ ಡಾಕ್ಟ್ರು ಮೊದ್ಲು ಉಸಿರು ಸರಿ ಮಾಡ್ಲಿ.

ಪೂರ್ತಿ ಟ್ರೀಟ್‌ಮೆಂಟ್ ಯಾವಾಗ ಸರಿ

ಡಾಕ್ಟ್ರಿಗೆ ಕೇಳ್ಬೇಕಾದ ಪ್ರಶ್ನೆ: ಇದ್ರಿಂದ ಎಷ್ಟು ದಿನ ಸಿಗತ್ತೆ, ಆ ದಿನಗಳು ಹೇಗಿರತ್ವೆ? ಎರಡನೇ ಅರ್ಧ ಕೇಳೋಕೆ ಜನ ಮರೀತಾರೆ.

ಉದಾಹರಣೆಗೆ ಗುಲ್ಮದಲ್ಲಿ (ಸ್ಪ್ಲೀನ್) ಗಡ್ಡೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್‌ಗಳಲ್ಲಿ ಜಾಸ್ತಿ. ಎಲ್ಲ ಗಡ್ಡೇನೂ ಕ್ಯಾನ್ಸರ್ ಅಲ್ಲ, ಸಾಧಾರಣ ಗಡ್ಡೆ ಆಗಿದ್ರೆ ಗುಲ್ಮ ತೆಗೆಸಿದ್ಮೇಲೆ ನಾಯಿ ಆರಾಮಾಗಿರತ್ತೆ. ಆದ್ರೆ ಅದು ಹೆಮ್ಯಾಂಜಿಯೋಸಾರ್ಕೋಮಾ ಅನ್ನೋ ರಕ್ತನಾಳದ ಕ್ಯಾನ್ಸರ್ ಆಗಿದ್ರೆ ಆಪರೇಷನ್ ಒಂದೇ ಮಾಡ್ಸಿದ್ರೆ ಸಾಮಾನ್ಯವಾಗಿ ಸಿಗೋದು ಒಂದರಿಂದ ಮೂರು ತಿಂಗಳು, ಕೀಮೋನೂ ಸೇರಿಸಿದ್ರೆ ನಾಲ್ಕರಿಂದ ಆರು. ಇದು ಗೊತ್ತಿದ್ದು ಮಾಡ್ಸೋದು ಬೇರೆ, ಗೊತ್ತಿಲ್ದೆ ಮಾಡ್ಸಿ ಆಮೇಲೆ ಅಳೋದು ಬೇರೆ.

ಕಿಡ್ನಿ ವಿಷಯಕ್ಕೆ ಬಂದ್ರೆ ಐರಿಸ್ ಅನ್ನೋ ಸಂಸ್ಥೆ ಮಾಡಿರೋ ನಾಲ್ಕು ಹಂತಗಳನ್ನೇ ಡಾಕ್ಟ್ರುಗಳು ನೋಡೋದು. ಕ್ರಿಯಾಟಿನಿನ್ 2.8ರ ಒಳಗಿದ್ರೆ ಎರಡನೇ ಹಂತದೊಳಗೆ, ಸರಿಯಾದ ಊಟ ಔಷಧಿ ಇದ್ರೆ ವರ್ಷಗಟ್ಲೆ ಸಾಗತ್ತೆ. 5 ದಾಟಿದ್ರೆ ನಾಲ್ಕನೇ ಹಂತ. ಆದ್ರೆ ಒಂದು ವಿಷ್ಯ, ನೀರು ಕುಡೀದೆ ಒಣಗಿರೋ ನಾಯಿಯ ನಂಬರ್ ಜಾಸ್ತಿನೇ ತೋರ್ಸತ್ತೆ, ಇಲಿಜ್ವರದಿಂದ ಏಕಾಏಕಿ ಕಿಡ್ನಿ ಕೆಟ್ಟಿದ್ರೆ ಟ್ರೀಟ್‌ಮೆಂಟಿಗೆ ಇಳಿಯೋ ಸಾಧ್ಯತೆನೂ ಇದೆ, ಅದಕ್ಕೆ ಎರಡು ಮೂರು ದಿನ ಡ್ರಿಪ್ಸ್ ಹಾಕಿ ಮತ್ತೆ ಟೆಸ್ಟ್ ಮಾಡ್ಸೋದು ನ್ಯಾಯ. ಡ್ರಿಪ್ಸ್ ಹಾಕಿದ್ಮೇಲೂ ನಂಬರ್ ಇಳೀದೆ, ವಾಂತಿ ನಿಲ್ದೆ, ದಿನಾ ಕಾಲಿಗೆ ಹೊಸ ಸೂಜಿ ಚುಚ್ಚೋದೇ ಆಗ್ಬಿಟ್ರೆ ಅಲ್ಲಿಗೆ ನಿಲ್ಸಿ. ದುಡ್ಡಿಲ್ಲ ಅಂತ ನಿಲ್ಸೋದೂ ತಪ್ಪಲ್ಲ, ಅದನ್ನ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ದಾರಿ ಅವ್ರು ಹೇಳ್ತಾರೆ.

ಮನೇಲೇ ನೋಡ್ಕೊಳ್ಳೋದು

ಕೀಲು ನೋವು, ಸೊಂಟದ ಡಿಸ್‌ಪ್ಲೇಸಿಯಾ (ಕೀಲು ಸರಿಯಾಗಿ ಕೂರದೇ ಇರೋದು), ಮರೆವು, ನಿಧಾನ ಬೆಳೆಯೋ ಗಡ್ಡೆ ಇವಕ್ಕೆಲ್ಲ ಇದೇ ಮೊದಲ ಆಯ್ಕೆ, ನನ್ನ ಪ್ರಕಾರ ಜನ ಇದನ್ನ ಸರಿಯಾಗಿ ಪ್ರಯತ್ನಾನೇ ಮಾಡಲ್ಲ. "ಏಳೋಕೆ ಆಗ್ತಿಲ್ಲ" ಅನ್ನೋ ಎಷ್ಟೋ ನಾಯಿಗಳ ಅರ್ಧ ಸಮಸ್ಯೆ ನಮ್ಮ ಮನೆ ನೆಲ. ವಿಟ್ರಿಫೈಡ್ ಟೈಲ್ಸು, ಪಾಲಿಶ್ ಹೊಡೆದ ಗ್ರಾನೈಟು, ಅದ್ರ ಮೇಲೆ ಮುದಿ ಲ್ಯಾಬ್ರಡಾರ್ ಹಿಂಗಾಲು ಎರಡು ಕಡೆ ಜಾರ್ಕೊಂಡು ಹೋಗತ್ತೆ, ಒಂದೆರಡು ಸಲ ಬಿದ್ದ ಮೇಲೆ ಹೆದ್ರಿ ಏಳೋದೇ ಬಿಡತ್ತೆ. ಅದು ಓಡಾಡೋ ದಾರಿಗೆ ಹಳೇ ಯೋಗ ಮ್ಯಾಟು, ಕಾಯರ್ ಮ್ಯಾಟು, ಏನೂ ಇಲ್ದಿದ್ರೆ ಗೋಣಿಚೀಲ ಹಾಕಿ, ಉಗುರು ಕತ್ತರಿಸಿ, ಪಾದದ ಅಡಿ ಕೂದಲು ಟ್ರಿಮ್ ಮಾಡಿ, ಹೊಟ್ಟೆ ಕೆಳಗೆ ಟವಲ್ ಹಾಕಿ ಹಿಂಭಾಗ ಎತ್ತಿ ಹಿಡ್ಕೊಂಡು ಕರ್ಕೊಂಡು ಹೋಗಿ ನೋಡಿ. ತೂಕ ಜಾಸ್ತಿ ಇದ್ರೆ ಇಳಿಸಿ, ಅದೇ ದೊಡ್ಡ ಔಷಧಿ.

ನೋವಿನ ಮಾತ್ರೆ ಡಾಕ್ಟ್ರೇ ಬರೀಬೇಕು. ನಾಯಿಗೆ ಕಾರ್ಪ್ರೊಫೆನ್, ಮೆಲೊಕ್ಸಿಕ್ಯಾಮ್, ನರದ ನೋವಿಗೆ ಗ್ಯಾಬಪೆಂಟಿನ್ ಕೊಡ್ತಾರೆ, ಕಿಡ್ನಿ ಲಿವರ್ ನೋಡ್ಕೊಂಡು. ಮನೇಲಿರೋ ಡೋಲೋ, ಬ್ರೂಫೆನ್, ಕಾಂಬಿಫ್ಲಾಮ್ ದಯವಿಟ್ಟು ಕೊಡ್ಬೇಡಿ, ಐಬುಪ್ರೊಫೆನ್ ಹೊಟ್ಟೇಲಿ ಹುಣ್ಣು ಮಾಡಿ ಕಿಡ್ನಿ ಕೆಡ್ಸತ್ತೆ, ಪ್ಯಾರಾಸಿಟಮಾಲ್ ಡೋಸ್ ಹೆಚ್ಚಾದ್ರೆ ಲಿವರ್ ಹೋಗತ್ತೆ. ಹಾಗೇ ಒಬ್ಬ ಡಾಕ್ಟ್ರು ಸ್ಟೀರಾಯ್ಡ್ ಕೊಟ್ಟಿದ್ದಾರೆ ಅಂದ್ರೆ ಇನ್ನೊಬ್ರು ಮೆಲೊಕ್ಸಿಕ್ಯಾಮ್ ಬರೆಯೋವಾಗ ಬಾಯಿಬಿಟ್ಟು ಹೇಳಿ, ಎರಡೂ ಒಟ್ಟಿಗೆ ಬಿದ್ರೆ ಹೊಟ್ಟೆ ತೂತಾಗೋವರೆಗೂ ಹೋಗ್ಬೋದು.

ಮಲಗಿದಲ್ಲೇ ಇರೋ ನಾಯಿನ ಎರಡು ಮೂರು ಗಂಟೆಗೊಂದ್ಸಲ ಮಗ್ಗುಲು ಬದಲಾಯ್ಸ್ಬೇಕು, ಇಲ್ಲಾಂದ್ರೆ ಸೊಂಟದ ಮೂಳೆ ಹತ್ರ, ಮೊಣಕೈ ಹತ್ರ ಹುಣ್ಣಾಗತ್ತೆ, ನಮ್ಮ ಹವೇಲಿ ಆ ಹುಣ್ಣಿಗೆ ನೊಣ ಕೂತು ಹುಳ ಬೀಳೋಕೆ ಒಂದು ದಿನ ಸಾಕು. ಇದನ್ನ ಮುಚ್ಚಿಡದೆ ಹೇಳ್ತಿದೀನಿ ಯಾಕಂದ್ರೆ "ಮನೇಲೇ ನೋಡ್ಕೋತೀವಿ" ಅನ್ನೋದು ಕೇಳೋಕೆ ಚೆನ್ನಾಗಿದೆ, ಎರಡೂ ಜನ ಬೆಳಿಗ್ಗೆ ಆಫೀಸಿಗೆ ಹೋಗಿ ರಾತ್ರಿ ಬರೋ ಮನೇಲಿ ಏಳೋಕಾಗದ ಮೂವತ್ತೈದು ಕೆಜಿ ನಾಯಿನ ನೋಡ್ಕೊಳ್ಳೋಕೆ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ, ಅದೂ ಲೆಕ್ಕಕ್ಕೆ ಬರ್ಬೇಕಾದ ವಿಷ್ಯಾನೇ.

ಮರೆವು ಬಂದ ನಾಯಿ ಬೇರೆ ಥರ. ಗೋಡೆ ಮೂಲೇಲಿ ಸಿಕ್ಕಾಕೊಂಡು ನಿಂತಿರತ್ತೆ, ಹಗಲು ಮಲಗಿ ರಾತ್ರಿಯೆಲ್ಲ ಸುತ್ತತ್ತೆ, ಸುಮ್ಸುಮ್ನೆ ಕೂಗತ್ತೆ. ಪಕ್ಕದ ಫ್ಲಾಟಿನವರು ಅಸೋಸಿಯೇಷನ್ ಗ್ರೂಪಲ್ಲಿ ಮೆಸೇಜ್ ಹಾಕೋಕೆ ಶುರು ಮಾಡ್ತಾರೆ. ಇದಕ್ಕೆ ಔಷಧಿ ಇದೆ, ಸೆಲೆಜಿಲಿನ್ ಅಂತ, ಎಲ್ಲ ನಾಯಿಗೂ ಕೆಲಸ ಮಾಡಲ್ಲ ಆದ್ರೂ ಕೇಳಿ ನೋಡಿ. ರಾತ್ರಿ ಸಣ್ಣ ಲೈಟ್ ಹಾಕಿಡೋದು, ಸಾಮಾನು ಜಾಗ ಬದಲಾಯಿಸ್ದೇ ಇರೋದು ಕೂಡ ಸಹಾಯ ಆಗತ್ತೆ. ಇಲ್ಲಿ ಗಡಿಬಿಡಿ ಬೇಡ. ಅದು ದಿಗಿಲು ಬಿದ್ದೇ ಇರತ್ತೆ, ನಿಮ್ಮನ್ನೂ ನೋಡಿ ಹೆದ್ರತ್ತೆ, ಯಾವ ಔಷಧಿಗೂ ನಿದ್ದೆ ಇಲ್ಲ ಅನ್ನೋ ಹಂತಕ್ಕೆ ಬಂದ್ರೆ ಆಗ ಇಂಜೆಕ್ಷನ್ ಮಾತಾಡೋಣ.

ಅಳೆಯೋದು ಹೇಗೆ

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆ ಮಾಡಿದ್ರು, ಈಗ್ಲೂ ತುಂಬಾ ಡಾಕ್ಟ್ರುಗಳು ಅದನ್ನೇ ಕೊಡ್ತಾರೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿ ಇದ್ಯಾ, ಹೀಗೆ ಏಳಕ್ಕೂ 10ಕ್ಕೆ ಇಷ್ಟು ಅಂತ ಮಾರ್ಕ್ಸ್. ಒಟ್ಟು 70ರಲ್ಲಿ 35ಕ್ಕಿಂತ ಮೇಲಿದ್ರೆ ಮನೆ ಆರೈಕೆ ಮುಂದುವರಿಸ್ಬೋದು ಅಂತ ಲೆಕ್ಕ.

ಒಳ್ಳೆ ಸಾಧನಾನೇ, ಆದ್ರೆ ಒಟ್ಟು ಮಾರ್ಕ್ಸ್ ಮೋಸ ಮಾಡತ್ತೆ. ಊಟ ಮಾಡತ್ತೆ, ಮೈ ಕ್ಲೀನಾಗಿದೆ, ನಿಮ್ಮನ್ನ ನೋಡಿ ಬಾಲ ಆಡಿಸತ್ತೆ, ಎಲ್ಲ ಸೇರಿ 45 ಬಂತು, ಆದ್ರೆ ರಾತ್ರಿ ಮಲಗೋಕಾಗ್ದೆ ಕೂತ್ಕೊಂಡೇ ಏದುಸಿರು ಬಿಡತ್ತೆ ಅಂದ್ರೆ ಆ 45ಕ್ಕೆ ಬೆಲೆ ಇಲ್ಲ. ಉಸಿರು ಮತ್ತು ನೋವು, ಇವೆರಡು ಫೇಲ್ ಆದ್ರೆ ಉಳಿದ ಸಬ್ಜೆಕ್ಟಲ್ಲಿ ಎಷ್ಟು ಬಂದ್ರೂ ಪಾಸಾಗಲ್ಲ. ಬಾಲ ಆಡ್ಸೋದನ್ನಂತೂ ನಂಬ್ಲೇಬೇಡಿ, ಮೂಳೆ ಕ್ಯಾನ್ಸರಿನ ನಾಯಿನೂ ಯಜಮಾನ ಬಂದಾಗ ಬಾಲ ಆಡಿಸತ್ತೆ. ನೋವು ಕಾಣೋದು ಬೇರೆ ಕಡೆ: ಸೆಖೆ ಇಲ್ದೆ ತೇಕೋದು, ಮಲಗಿ ಎದ್ದು ಮತ್ತೆ ಮಲಗೋದು, ನಡುಗೋದು, ಒಂದೇ ಕೀಲು ನೆಕ್ಕೋದು, ಮುಟ್ಟಿದ್ರೆ ಯಾವತ್ತೂ ಗುರ್ ಅನ್ನದ ನಾಯಿ ಗುರ್ ಅನ್ನೋದು.

ಅಡುಗೆಮನೆ ಕ್ಯಾಲೆಂಡರಲ್ಲಿ ದಿನಾ ರಾತ್ರಿ ಒಂದು ಗುರುತು ಹಾಕಿ, ಒಳ್ಳೆ ದಿನ, ಕೆಟ್ಟ ದಿನ ಅಂತ. ಗುರುತು ಹಾಕ್ಬೇಕಾದವ್ರು ರಾತ್ರಿ ಎದ್ದು ನೋಡ್ಕೊಳ್ಳೋರು, ವಿಡಿಯೋ ಕಾಲಲ್ಲಿ ಐದು ನಿಮಿಷ ನೋಡೋರಲ್ಲ.

ತಾನಾಗೇ ಹೋಗ್ಲಿ ಅಂತ ಬಿಡೋದಾ, ಇಂಜೆಕ್ಷನ್ನಾ

ಅಜ್ಜಿ ಮಾತಿಗೆ ಬರೋಣ. ನಿದ್ದೇಲೇ ಹೋಗ್ಬಿಡ್ತು ಅನ್ನೋ ನಾಯಿಗಳು ಇವೆ, ಇಲ್ಲ ಅಂತಲ್ಲ. ಆದ್ರೆ ಅದು ನಮ್ಮ ಕೈಲಿಲ್ಲ, ಕಾಯಿಲೆ ಕೈಲಿದೆ.

ಹಾರ್ಟ್ ಫೇಲ್ಯೂರ್ ಆದ ನಾಯಿಗೆ, ಪಾಮೆರೇನಿಯನ್ ಥರದ ಸಣ್ಣ ಜಾತಿಗಳಲ್ಲಿ ವಾಲ್ವ್ ತೊಂದ್ರೆಯಿಂದ ಜಾಸ್ತಿ ಬರತ್ತೆ, ಪಿಮೊಬೆಂಡಾನ್, ಫ್ಯೂರೋಸೆಮೈಡ್ ಕೊಟ್ಟು ತಿಂಗಳುಗಟ್ಲೆ ಚೆನ್ನಾಗಿ ಇಟ್ಕೋಬೋದು. ಅಷ್ಟೂ ದಿನ ಅದು ಗಾಢ ನಿದ್ದೇಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯತ್ತೆ ಅಂತ ಎಣಿಸಿ ಬರೆದಿಡಿ. 30ರ ಒಳಗಿರ್ಬೇಕು. ಅದಕ್ಕಿಂತ ಮೇಲೇ ಉಳೀತಿದೆ ಅಂದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ತಿದೆ ಅಂತ, ಫೋನ್ ಮಾಡಿ. ಔಷಧಿ ಡೋಸ್ ಏರಿಸಿ ಏರಿಸಿ ಇನ್ನು ಏರಿಸೋಕಾಗಲ್ಲ ಅಂದ್ಮೇಲೆ ತಾನಾಗೇ ಹೋಗ್ಲಿ ಅಂತ ಬಿಟ್ರೆ ಅದು ನೀರಲ್ಲಿ ಮುಳುಗಿದ ಹಾಗೇ ಸಾಯತ್ತೆ, ಅದೂ ರಾತ್ರಿ ಒಂದು ಗಂಟೆಗೆ, ಯಾವ ಕ್ಲಿನಿಕ್ಕೂ ತೆರೆದಿರದ ಹೊತ್ತಲ್ಲಿ. ಈ ಕಾಯಿಲೆಗೆ ನಾನು ಸ್ಪಷ್ಟವಾಗಿ ಇಂಜೆಕ್ಷನ್ ಕಡೆ, ಅದೂ ಆ ರಾತ್ರಿ ಬರೋಕೆ ಮುಂಚೆ.

ಕಿಡ್ನಿ ಕೊನೇ ಹಂತ ನಿಧಾನ, ಆದ್ರೆ ಶಾಂತವಲ್ಲ. ಬಾಯಲ್ಲಿ ಹುಣ್ಣು, ನಿಲ್ಲದ ವಾಕರಿಕೆ, ಕೊನೆಗೆ ಮೈ ಅದುರೋದು, ಫಿಟ್ಸ್. ವಾಂತಿಗೆ ಔಷಧಿ, ಚರ್ಮದಡಿ ಫ್ಲೂಯಿಡ್ ಮನೇಲೇ ಕೊಡೋದನ್ನ ಕಲ್ಸಿ ಅಂತ ಡಾಕ್ಟ್ರಿಗೆ ಕೇಳಿ, ಅದ್ರಿಂದ ಎಷ್ಟೋ ಒಳ್ಳೆ ವಾರ ಸಿಗತ್ತೆ. ಅದೂ ಕೆಲಸ ಮಾಡ್ದೇ ಎರಡು ದಿನ ಪೂರ್ತಿ ಊಟ ಬಿಟ್ಟು, ನೀರೂ ನಿಲ್ತಿಲ್ಲ ಅಂದ್ರೆ ತಡ ಮಾಡ್ಬೇಡಿ.

ಇಂಜೆಕ್ಷನ್ ಬೇಡ್ವೇ ಬೇಡ ಅನ್ನೋ ಮನೆಗಳಿವೆ, ಜೈನರ ಮನೆಗಳಲ್ಲಿ ಅಹಿಂಸೆ ವಿಷಯದಲ್ಲಿ ಇದು ಗಟ್ಟಿ ನಂಬಿಕೆ. ನಾನು ಅವರ ಜೊತೆ ಜಗಳ ಆಡಲ್ಲ. ಆದ್ರೆ ಇಂಜೆಕ್ಷನ್ ಬೇಡ ಅನ್ನೋದು ಔಷಧಿನೂ ಬೇಡ ಅಂತ ಆಗ್ಬಾರ್ದು. ನೋವಿಗೆ, ವಾಂತಿಗೆ, ಗಾಬರಿಗೆ ಔಷಧಿ, ಬೇಕಾದ್ರೆ ಮಂಪರು ಬರೋದನ್ನೂ ಕೊಡ್ಸಿ ಕೊನೇ ಉಸಿರಿನವರೆಗೂ ಡಾಕ್ಟ್ರ ಕೈ ಹಿಡ್ಕೊಂಡೇ ಸಾಗ್ಬೋದು. ಔಷಧಿ ಇಲ್ದೆ ಶೆಡ್ಡಲ್ಲಿ ಕಟ್ಟಿ ಹಾಕಿ "ದೇವ್ರಿಚ್ಛೆ" ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಊರಾಚೆ ಬಿಟ್ಟು ಬರೋದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ನೀವು ಊಟ ಹಾಕೋ ಬೀದಿ ನಾಯಿ ಆಗಿದ್ರೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ವಾಸಿಯಾಗದ ಕಾಯಿಲೆ ಅಥವಾ ಮಾರಣಾಂತಿಕ ಗಾಯ ಇದ್ರೆ ಮಾತ್ರ ದಯಾಮರಣಕ್ಕೆ ಅವಕಾಶ, ಅದೂ ಅರ್ಹ ಪಶುವೈದ್ಯರಿಂದಾನೇ. ಮುದಿಯಾಯ್ತು, ಗಲೀಜು ಮಾಡತ್ತೆ ಅನ್ನೋದು ಕಾರಣ ಆಗಲ್ಲ.

ಇಂಜೆಕ್ಷನ್ ಅಂತ ಆದ್ಮೇಲೆ: ಮನೇಲಾ, ಕ್ಲಿನಿಕ್ಕಲ್ಲಾ

ಸಾಧ್ಯ ಇದ್ರೆ ಮನೆ. ಬೆಂಗ್ಳೂರು, ಮೈಸೂರಲ್ಲಿ ಮನೆಗೆ ಬರೋ ಡಾಕ್ಟ್ರು ಸಿಗ್ತಾರೆ, ತಾಲ್ಲೂಕು ಕಡೆ ಪಶು ಆಸ್ಪತ್ರೆ ಡಾಕ್ಟ್ರಿಗೆ ಮುಂಚೆನೇ ಹೇಳಿಟ್ರೆ ಬಿಡುವು ಮಾಡ್ಕೊಂಡು ಬರೋರೂ ಇದಾರೆ. ಕ್ಲಿನಿಕ್ ವಾಸನೆಗೇ ನಡುಗೋ ನಾಯಿಗೆ ಇದು ದೊಡ್ಡ ವ್ಯತ್ಯಾಸ. ಕ್ಲಿನಿಕ್ಕೇ ಆದ್ರೆ ಜನ ಕಮ್ಮಿ ಇರೋ ಹೊತ್ತು ಕೇಳಿ, ಕಾರಲ್ಲೇ ಮೊದಲ ಸೂಜಿ, ಅಂದ್ರೆ ಮಂಪರಿನದು, ಕೊಡ್ತೀರಾ ಅಂತ ಕೇಳಿ. ಉಸಿರಾಟ ತೀರಾ ಕೆಟ್ಟಿದ್ರೆ ಮಾತ್ರ ಆಕ್ಸಿಜನ್ ಇರೋ ಕ್ಲಿನಿಕ್ಕೇ ವಾಸಿ.

ಎಲ್ಲಿ ಮಾಡ್ಸಿದ್ರೂ ಒಂದು ಪ್ರಶ್ನೆ ಬಿಡ್ಬೇಡಿ, "ಮೊದ್ಲು ಮಂಪರಿನ ಇಂಜೆಕ್ಷನ್ ಕೊಡ್ತೀರಾ, ಆಮೇಲೆ ಯಾವ ಔಷಧಿ?" ಸರಿಯಾದ ಕ್ರಮದಲ್ಲಿ ಮೊದ್ಲು ಮಂಪರು, ಆಮೇಲೆ ಪೆಂಟೋಬಾರ್ಬಿಟಾಲ್, ಅಥವಾ ಥಯೋಪೆಂಟೋನ್ ಥರದ ಅರಿವಳಿಕೆಯಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿದ್ಮೇಲೆ ಹೃದಯ ನಿಲ್ಸೋ ಔಷಧಿ. ಪೊಟ್ಯಾಸಿಯಂ ಕ್ಲೋರೈಡ್, ಮ್ಯಾಗ್ನೀಸಿಯಂ ಸಲ್ಫೇಟ್ ಇವನ್ನ ಎಚ್ಚರ ಇರೋ ನಾಯಿಗೆ ನೇರ ಕೊಡೋದು ಹಿಂಸೆ. "ಒಂದೇ ಸೂಜಿ, ಒಂದ್ನಿಮಿಷ" ಅಂತ ಉತ್ತರ ಬಂದ್ರೆ ಬೇರೆಯವ್ರನ್ನ ನೋಡಿ.

ಮಂಪರು ಹತ್ತೋಕೆ ಐದರಿಂದ ಹದಿನೈದು ನಿಮಿಷ, ರಕ್ತ ಓಡಾಟ ಕಮ್ಮಿ ಇರೋ ಮುದಿ ನಾಯಿಗೆ ಇನ್ನೂ ಸ್ವಲ್ಪ ಜಾಸ್ತಿ. ಅದು ಅಷ್ಟೂ ಹೊತ್ತು ನಿಮ್ಮ ತೊಡೆ ಮೇಲೇ ಮಲಗಿರ್ಬೋದು. ಕೊನೇ ಔಷಧಿ ಒಳಗೆ ಹೋದ್ಮೇಲೆ ಒಂದೆರಡು ನಿಮಿಷದಲ್ಲಿ ಮುಗಿಯತ್ತೆ. ಕಣ್ಣು ತೆರೆದೇ ಇರತ್ತೆ, ಉಚ್ಚೆ ಹೋಗ್ಬೋದು, ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗ್ಬೋದು, ಅದು ಮಾಂಸಖಂಡದ ಚಲನೆ ಅಷ್ಟೆ, ಜೀವ ಇದೆ ಅಂತ ಗಾಬರಿ ಬೀಳ್ಬೇಡಿ. ಮಕ್ಕಳಿಗೆ "ಮಲಗಿಸಿದ್ವಿ" ಅನ್ಬೇಡಿ, ಆಮೇಲೆ ರಾತ್ರಿ ಮಲಗೋಕೆ ಅವು ಹೆದರ್ತವೆ, ಸತ್ತೋಯ್ತು ಅಂತಲೇ ಹೇಳಿ. ಮನೇಲಿ ಇನ್ನೊಂದು ನಾಯಿ ಇದ್ರೆ ಮೂಸೋಕೆ ಬಿಡಿ. ಹಾ, ಇತ್ತೀಚೆಗೆ ಹತ್ತು ದಿನದೊಳಗೆ ಯಾರಿಗಾದ್ರೂ ಕಚ್ಚಿದ್ರೆ ಡಾಕ್ಟ್ರಿಗೆ ಮೊದ್ಲೇ ಹೇಳಿ, ರೇಬಿಸ್ ವಿಚಾರಕ್ಕೆ ಆ ಹತ್ತು ದಿನ ಮುಖ್ಯ.

ಮಣ್ಣಾ, ಚಿತಾಗಾರಾನಾ

ಇದನ್ನ ಹಿಂದಿನ ದಿನವೇ ಗೊತ್ತು ಮಾಡ್ಕೊಳ್ಳಿ, ಅಳ್ತಾ ಕೂತು ಫೋನ್ ನಂಬರ್ ಹುಡುಕೋ ಪಾಡು ಬೇಡ. ಬೆಂಗ್ಳೂರಲ್ಲಿ ಸುಮನಹಳ್ಳಿಯ ಪ್ರಾಣಿಗಳ ವಿದ್ಯುತ್ ಚಿತಾಗಾರ ಇದೆ, ಕೆಂಗೇರಿ ಹತ್ರ ಪೀಪಲ್ ಫಾರ್ ಅನಿಮಲ್ಸ್‌ನವರ ಸ್ಮಶಾನ ಇದೆ, ಎರಡಕ್ಕೂ ಫೋನ್ ಮಾಡಿ ತೆರೆದಿದ್ಯಾ ಅಂತ ಕೇಳ್ಕೊಂಡೇ ಹೊರಡಿ. ಕೆಲವೇ ಗಂಟೆಯಲ್ಲಿ ಮೈ ಸೆಟೆಯೋಕೆ ಶುರು ಆಗತ್ತೆ, ಅದಕ್ಕೆ ಮುಂಚೆ ಕಾಲು ಮಡಚಿ ಮಲಗಿಸಿ ಹಳೇ ಬೆಡ್‌ಶೀಟಲ್ಲಿ ಸುತ್ತಿ, ಕೆಳಗೆ ಪ್ಲಾಸ್ಟಿಕ್ ಹಾಕಿ, ಇರುವೆ ಬರದ ಹಾಗೆ ನೋಡ್ಕೊಳ್ಳಿ.

ತೋಟದಲ್ಲಿ ಮಣ್ಣು ಮಾಡೋದಾದ್ರೆ ಬಾವಿ, ಬೋರ್‌ವೆಲ್ಲಿಂದ ದೂರ, ಗುಂಡಿ ನಾಲ್ಕೈದು ಅಡಿ ಆಳ ಇರ್ಲಿ, ಮೇಲೆ ಕಲ್ಲು ಹೇರಿ. ಪೆಂಟೋಬಾರ್ಬಿಟಾಲ್ ಸತ್ತ ಮೈಯಲ್ಲೇ ತುಂಬಾ ದಿನ ಉಳಿಯತ್ತೆ, ಬೇರೆ ನಾಯಿ, ನರಿ, ಹದ್ದು ಅದನ್ನ ಕೆದಕಿ ತಿಂದ್ರೆ ಅವೂ ಸಾಯ್ತವೆ. ರಾಮನಗರದ ಕಡೆ ರಾಮದೇವರಬೆಟ್ಟದ ಸುತ್ತ ತೋಟ ಇರೋರು ಇದನ್ನ ಇನ್ನೂ ಗಮನ ಇಟ್ಟು ಮಾಡಿ, ಅಲ್ಲಿ ಉಳಿದಿರೋ ರಣಹದ್ದುಗಳೇ ಕಮ್ಮಿ. ಔಷಧಿ ಯಾವ್ದು ಹಾಕಿದ್ರಿ ಅಂತ ಡಾಕ್ಟ್ರನ್ನ ಕೇಳಿ, ಪೆಂಟೋಬಾರ್ಬಿಟಾಲ್ ಅಂದ್ರೆ, ಅದ್ರಲ್ಲೂ ಆಳವಾಗಿ ತೋಡೋಕಾಗದ ಕಲ್ಲು ನೆಲ ಆದ್ರೆ, ಮಣ್ಣಿಗಿಂತ ಚಿತಾಗಾರಾನೇ ಆಯ್ಕೆ ಮಾಡ್ಕೊಳ್ಳಿ.